ಕಿವಿಯ ಋಣ

ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ಬೆಳೆಯುವ ಮಗುವಿನ ಕಿವಿಗೆ ಯಾರ ಅಪ್ಪಣೆಯೂ ಇಲ್ಲದೆ ಎಷ್ಟೋ ಸಂಗೀತ ಬಂದು ಬೀಳುತ್ತದೆ. ಗುಡಿಯ ಮೈಕಿನಲ್ಲಿ ಸುಪ್ರಭಾತ, ಮಸೀದಿಯ ಆಜಾನ್, ಆಟೋದೊಳಗೆ ತೆಲುಗು ಸಿನಿಮಾ ಹಾಡು, ಆಷಾಢದ ಬೋನಾಲು ಹಬ್ಬದ ಮೆರವಣಿಗೆಯಲ್ಲಿ ತೀನ್‌ಮಾರ್ ಲಯದ ಡಪ್ಪು ವಾದ್ಯ. ಮನೆ ಕನ್ನಡದ್ದಾದರೆ ಅಜ್ಜಿಯ ದೇವರನಾಮವೂ ಸೇರಿತು. ಬೀದರ್, ಕಲಬುರಗಿ, ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವಾದ್ದರಿಂದ ಅಂಥ ಮನೆಗಳು ಈ ಊರಿಗೆ ಹೊಸತಲ್ಲ. ಡಪ್ಪಿನ ಸದ್ದಿಗೆ ಹಿರಿಯರು ಕಿಟಕಿ ಮುಚ್ಚುತ್ತಾರೆ, ಮಕ್ಕಳು ಅದೇ ಕಿಟಕಿಗೆ ಓಡುತ್ತಾರೆ. “ಅದೂ ಒಂದು ಸಂಗೀತವೇನೋ?” ಎಂಬ ಮಾತು ಆಗಲೇ ಹುಟ್ಟುವುದು.

ಈ ತೀರ್ಪು ಕೊಡುವ ಕಿವಿ ಪೂರ್ತಿ ನಮ್ಮದೇನೂ ಅಲ್ಲ. ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ 2005ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಉತ್ತರ ಅಮೆರಿಕದ 6 ತಿಂಗಳ ಕೂಸುಗಳು ಬಾಲ್ಕನ್ ನಾಡಿನ ವಿಷಮ ಲಯ ತಪ್ಪಿದ್ದನ್ನೂ ಗುರುತಿಸಿದವು. ಅಲ್ಲಿನ ದೊಡ್ಡವರಿಗೆ ಅದು ಆಗಲಿಲ್ಲ. ವರ್ಷ ತುಂಬುವ ಹೊತ್ತಿಗೆ ಕೂಸುಗಳ ಕಿವಿಯೂ ಮನೆಯ ಲಯಕ್ಕೇ ಒಗ್ಗಿಹೋಗಿತ್ತು. ಏಳೆಣಿಕೆಯ ಮಿಶ್ರಛಾಪು ನಮಗೆ ಸಹಜವೆನಿಸಿದರೆ ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇಲ್ಲ. ತೊಟ್ಟಿಲಲ್ಲಿ ಕೇಳಿದ್ದೆವು, ಅಷ್ಟೇ.

ಮನೆಯ ದನಿಗೆ ಎಷ್ಟು ಬಲವಿದೆಯೆಂದು ಧಾರವಾಡದ ಅಂಬಾಬಾಯಿಗೆ ಗೊತ್ತಿತ್ತು. ಆಕೆ ನುರಿತ ಕರ್ನಾಟಕ ಸಂಗೀತಗಾರ್ತಿ. ಮಗಳು ಗಂಗೂಬಾಯಿ ಹಾನಗಲ್ (1913–2009) ಒಲಿದದ್ದು ಮಾತ್ರ ಹಿಂದೂಸ್ತಾನಿಗೆ. ಗ್ರಾಮಫೋನ್ ಹಾಡು ಕೇಳಿಸಿದರೆ ಬೀದಿಗೆ ಓಡುವ ಹುಡುಗಿ. ತನ್ನ ಶೈಲಿ ಮಗಳ ಕಂಠದಲ್ಲಿ ಬೆರೆಯದಿರಲೆಂದು ತಾಯಿ ತನ್ನ ಹಾಡನ್ನೇ ಬಿಟ್ಟುಕೊಟ್ಟಳು. ತನ್ನದೇ ಹಿರಿದು ಎಂದು ಹಟ ಹಿಡಿಯಲಿಲ್ಲ. ಅಂಥ ತ್ಯಾಗವನ್ನು ಎಲ್ಲ ತಾಯಂದಿರಿಂದ ಕೇಳುವುದು ಸಲ್ಲದು. ಆದರೆ ಮಕ್ಕಳ ಕಿವಿ ನಮ್ಮ ಸೊತ್ತಲ್ಲ ಎಂಬ ತಿಳಿವನ್ನಾದರೂ ಅವಳಿಂದ ಪಡೆಯಬಹುದು.

ಮನೆ ಕಲಿಸುವುದು ರಾಗತಾಳವನ್ನಷ್ಟೇ ಅಲ್ಲ. ಯಾರ ವಾದ್ಯಕ್ಕೆ ಕೈಮುಗಿಯಬೇಕು, ಯಾರದಕ್ಕೆ ಮುಖ ತಿರುಗಿಸಬೇಕು ಎಂಬುದನ್ನೂ ಬಾಯಿಬಿಡದೆ ಕಲಿಸುತ್ತದೆ. ಡಪ್ಪನ್ನು ತಲೆಮಾರುಗಳಿಂದ ಬಾರಿಸುತ್ತ ಬಂದವರು ಹೆಚ್ಚಾಗಿ ಮಾದಿಗರು. ನಮ್ಮ ಕಡೆಯ ತಮಟೆ, ಹಲಗೆಗಳ ಕಥೆಯೂ ಬೇರೆಯಲ್ಲ. ಮೃದಂಗಕ್ಕೆ ಬಿಗಿಯುವುದೂ ಚರ್ಮವನ್ನೇ. ಅದು ದೇವರ ಮುಂದೆ ಕೂತರೆ ನಾದ, ಇದು ಬೀದಿಯಲ್ಲಿ ನಡೆದರೆ ಗದ್ದಲ ಎನ್ನುವಾಗ ಮಾತಾಡುತ್ತಿರುವುದು ಕಿವಿಯೋ ಜಾತಿಯೋ ಎಂದು ಕೇಳಿಕೊಳ್ಳಬೇಕು. ಸದ್ದು ಮಿತಿಮೀರಿದರೆ ತಗ್ಗಿಸಿ ಎನ್ನುವುದು ನ್ಯಾಯವೇ. ಆದರೆ ಆ ನ್ಯಾಯ ಗುಡಿಯ ಮೈಕಿಗೂ ಸಲ್ಲಬೇಕು.

“ನನಗಿದು ಹಿಡಿಸುವುದಿಲ್ಲ” ಎನ್ನುವುದರಲ್ಲಿ ತಪ್ಪಿಲ್ಲ, ಅದು ಬೆಳೆದ ಮನೆಯ ಋಣ. “ಇದು ಸಂಗೀತವೇ ಅಲ್ಲ” ಎಂದಾಗ ಋಣವನ್ನೇ ಗಳಿಕೆಯೆಂದು ಮೆರೆಸಿದಂತೆ. ಹಿಡಿಸದ್ದನ್ನು ಮೆಚ್ಚಿದಂತೆ ನಟಿಸಬೇಕಾಗಿಲ್ಲ. ಬಾರಿಸುವವರನ್ನು ಒಮ್ಮೆ ನಿಲ್ಲಿಸಿ ಈ ಪೆಟ್ಟಿನ ಹೆಸರೇನು, ಯಾರಿಂದ ಕಲಿತಿರಿ ಎಂದು ಕೇಳಬಹುದು. ಹಾಡುವವರನ್ನು ನಾವು ಹಾಗೆಯೇ ಕೇಳುತ್ತೇವಲ್ಲ.