ಗೃಹಸ್ಥನ ಆರನೆಯ ಸೂನೆ

ಗೃಹಸ್ಥನ ಮನೆಯಲ್ಲಿ ಐದು ಹಿಂಸಾಸ್ಥಾನಗಳುಂಟೆಂದು ಮನುಸ್ಮೃತಿಯು ತನ್ನ ಮೂರನೆಯ ಅಧ್ಯಾಯದಲ್ಲಿ ಎಣಿಸುತ್ತದೆ: ಒಲೆ, ಅರೆಯುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ. ಇವಕ್ಕೆ ಪಂಚಸೂನೆಗಳೆಂದು ಹೆಸರು. ಆ ಗ್ರಂಥದಲ್ಲಿ ಒಪ್ಪತಕ್ಕದ್ದೂ ಉಂಟು, ಬಿಡತಕ್ಕದ್ದು ಬಹಳವುಂಟು. ಆದರೆ ಈ ಒಂದು ನೋಟವು ಬಿಡತಕ್ಕದ್ದಲ್ಲ. ಮನೆಯೊಂದು ನಿಂತಿತೆಂದರೆ, ಯಜಮಾನನು ಎಷ್ಟೇ ಸಾಧುವಾಗಿರಲಿ, ಅನ್ಯಜೀವಿಗಳಿಗೆ ಪೀಡೆ ತಪ್ಪದು; ಆ ದೋಷವನ್ನು ಅವನು ದಿನದಿನವೂ ಪಂಚಮಹಾಯಜ್ಞಗಳಿಂದ ಕಳೆದುಕೊಳ್ಳತಕ್ಕದ್ದು ಎಂಬುದು ಅದರ ಆಶಯ.

ಈಗ ಆರನೆಯ ಸೂನೆಯೊಂದು ಸೇರಿಕೊಂಡಿದೆ. ಅದು ಮನೆಯ ಗೋಡೆಯೇ. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಡುತ್ತಾರಷ್ಟೆ. ಆಗ ಉರುವಲಿನಿಂದ ಹೊರಡುವುದಕ್ಕಿಂತ ಹೆಚ್ಚಿನ ಇಂಗಾಲಾಮ್ಲವಾಯುವು ಕಲ್ಲಿನಿಂದಲೇ ಬಿಡುಗಡೆಯಾಗುತ್ತದೆ. ಗೂಡನ್ನು ಎಷ್ಟು ಸುಧಾರಿಸಿದರೂ ಕಲ್ಲಿನ ಸ್ವಭಾವವು ಬದಲಾಗುವುದಿಲ್ಲ. ಮನುಷ್ಯವ್ಯಾಪಾರದಿಂದ ಜಗತ್ತಿನಲ್ಲಿ ಹೊರಡುವ ಈ ವಾಯುವಿನಲ್ಲಿ ಶೇಕಡಾ 7-8ರಷ್ಟು ಸಿಮೆಂಟಿನ ಪಾಲು. ಇನ್ನು ಮನೆಯೊಳಗಿನ ಶೀತಯಂತ್ರದ ಮಾತು: ಅದು ಕೋಣೆಯ ಶಾಖವನ್ನು ನಾಶಮಾಡುವುದಿಲ್ಲ, ತನ್ನ ಶಾಖವನ್ನೂ ಕೂಡಿಸಿ ಬೀದಿಗೆ ತಳ್ಳುತ್ತದೆ. ಆ ಬೀದಿಯಲ್ಲಿ ತಗಡಿನ ಸೂರಿನ ಕೆಳಗೆ ಮಲಗಿರುವವನು ಅದನ್ನು ಅನುಭವಿಸುತ್ತಾನೆ. ಯಂತ್ರಕ್ಕೆ ಬೇಕಾದ ವಿದ್ಯುತ್ತೋ, ನಮ್ಮ ದೇಶದಲ್ಲಿ ಇಂದಿಗೂ ಬಹುಪಾಲು ಕಲ್ಲಿದ್ದಲಿನದು.

ಕೇಂದ್ರಸರ್ಕಾರವು ಇದನ್ನು ಗಮನಿಸಿಲ್ಲವೆಂದು ಹೇಳಲಾಗದು. 2008ರ ರಾಷ್ಟ್ರೀಯ ಹವಾಮಾನ ಕಾರ್ಯಯೋಜನೆಯ ಎಂಟು ಅಂಗಗಳಲ್ಲಿ ಸುಸ್ಥಿರ ವಸತಿಯೂ ಒಂದು. 2018ರಲ್ಲಿ ‘ಇಕೋ ನಿವಾಸ್ ಸಂಹಿತಾ’ ಎಂಬ ಕಟ್ಟಡನಿಯಮಾವಳಿಯು ಹೊರಬಂದಿತು. (ಸಂಹಿತೆಯೆಂಬ ಪದಕ್ಕೆ ಇಂಜಿನಿಯರುಗಳಲ್ಲಿ ಈ ಗೌರವ ದೊರೆತುದು ನಮ್ಮಂಥವರಿಗೆ ಸಂತೋಷವೇ, ಮೊದಲಿನ ಪದದ ವಿಷಯ ಬೇರೆ.) 500 ಚದರ ಮೀಟರ್ ಅಥವಾ ಅದಕ್ಕೆ ಮೇಲ್ಪಟ್ಟ ನಿವೇಶನಗಳ ವಾಸದ ಕಟ್ಟಡಗಳನ್ನು ಉದ್ದೇಶಿಸಿ ಅದು ವಿಧಿಸಿರುವುದೇನೆಂದರೆ, ಶೀತಪ್ರದೇಶಗಳನ್ನುಳಿದು ಬೇರೆಡೆಗಳಲ್ಲಿ, ಚಾವಣಿಯನ್ನು ಬಿಟ್ಟು ಮಿಕ್ಕ ಹೊರಮೈಯಿಂದ ಒಳಬರುವ ಶಾಖವು ಚದರ ಮೀಟರಿಗೆ 15 ವ್ಯಾಟನ್ನು ಮೀರಕೂಡದು ಎಂದು. ಒಳ್ಳೆಯ ವಿಧಿ. ಆದರೆ ಚದರ ಮೀಟರಿಗೆ ಎಷ್ಟೆಂದು ಕೇಳಿದ ಸಂಹಿತೆಯು ತಲೆಗೆ ಎಷ್ಟೆಂದು ಕೇಳಲಿಲ್ಲ. ದಂಪತಿಗಳಿಬ್ಬರೇ ವಾಸಿಸುವ ಹದಿನೈದು ಕೋಣೆಗಳ ಸೌಧವೂ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗಬಹುದು.

ಇಲ್ಲಿ ಪೂರ್ವಪಕ್ಷವೊಂದುಂಟು. 2015ರಲ್ಲಿ ಆರಂಭವಾದ ನಗರ ಆವಾಸ ಯೋಜನೆಯಲ್ಲಿ ಒಂದು ಕೋಟಿಗೂ ಮೇಲ್ಪಟ್ಟು ಮನೆಗಳು ಮಂಜೂರಾದುವು, ಸೌಧಗಳಾದರೋ ಬೆರಳೆಣಿಕೆಯವು, ಆದುದರಿಂದ ಮಿತವನ್ನು ಬೋಧಿಸಬೇಕಾದುದು ಬಡವರ ಮನೆಗಳಲ್ಲಿಯೇ ಅಲ್ಲವೆ? ಗಣಿತವು ಸರಿಯಿರಬಹುದು, ನ್ಯಾಯವು ಸರಿಯಿಲ್ಲ. ಆ ಯೋಜನೆಯಲ್ಲಿ ತೀರ ಬಡಕುಟುಂಬಕ್ಕೆ ಗೊತ್ತುಮಾಡಿದ ಒಳವಿಸ್ತಾರವು ಸಾಮಾನ್ಯವಾಗಿ 30 ಚದರ ಮೀಟರುಗಳವರೆಗೆ. ಅದರಲ್ಲಿ ಐದು ಜನರಿದ್ದರೆ ಒಬ್ಬೊಬ್ಬರಿಗೆ ಆರು. ಎರಡು ಮಂಚ ಹಾಕಿದರೆ ಮುಗಿಯಿತು. ಇದಕ್ಕಿಂತ ಯಾವ ಮಿತವನ್ನು ಅವನಿಗೆ ಕಲಿಸುವುದು? ಒಲೆಯಿಲ್ಲದೆ ಊಟವಿಲ್ಲವಾದುದರಿಂದ ಒಲೆಯ ಹಿಂಸೆಗೆ ಸ್ಮೃತಿಯಲ್ಲಿ ಪರಿಹಾರ ಹೇಳಿತು. ಹತ್ತು ಒಲೆ ಹಚ್ಚಿ ಒಂದರಲ್ಲಿ ಮಾತ್ರ ಅಡುಗೆಮಾಡುವವನಿಗೂ ಆ ಪರಿಹಾರವೇ ಸಲ್ಲುವುದೆಂದು ಯಾರು ಹೇಳಿಯಾರು? ಬಡವನಿಗೆ ತಂಪಾದ, ಗಾಳಿಯಾಡುವ ಮನೆಯನ್ನು ಕೊಡುವುದು ಅವಶ್ಯ. ಆದರೆ ಅವನ ಸುಖಕ್ಕಾಗಿ, ನಮ್ಮ ಹೊಗೆಯ ಲೆಕ್ಕವನ್ನು ಸರಿದೂಗಿಸುವುದಕ್ಕಲ್ಲ.

ಉಪಾಯಗಳು ದೂರದಲ್ಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ವೆಂಬ ಗ್ರಾಮೀಣ ತಂತ್ರಜ್ಞಾನ ವಿಭಾಗದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ಕ್ರಮವನ್ನು ಬೆಳೆಸಿದರು. ಸುಡುವುದಿಲ್ಲವಾದುದರಿಂದ ಗೂಡಿನ ಉರುವಲು ಉಳಿಯಿತು. ಆದರೂ ಮಣ್ಣಿನ ಮನೆಯೆಂದೊಡನೆ ಬಡವನು ಹಿಂಜರಿಯುತ್ತಾನೆ. ಅವನ ಹಿರಿಯರು ಮಣ್ಣಿನ ಮನೆಯಲ್ಲಿ ಸೋರುವ ಸೂರಿನ ಕೆಳಗೆ ಕಳೆದ ಮಳೆಗಾಲಗಳು ಅವನಿಗೆ ನೆನಪಿವೆ. ತಹಶೀಲ್ದಾರರ ಕಚೇರಿ, ಶಾಸಕರ ವಸತಿ, ಊರಿನ ಧನಿಕನ ಮನೆ, ಇವು ಮೊದಲು ಆ ಇಟ್ಟಿಗೆಯಲ್ಲಿ ಏಳಲಿ. ಆಮೇಲೆ ಅವನನ್ನು ಕೇಳೋಣ.