ನಾಯಿಯ ಪರವಾನಗಿ: ಆಸ್ತಿಯೋ, ಹೊಣೆಯೋ?

ಮನೆಯಲ್ಲಿ ನಾಯಿಯನ್ನು ಸಾಕುವವರು ಸ್ಥಳೀಯ ಸಂಸ್ಥೆಯಿಂದ ಪರವಾನಗಿ ಪಡೆಯಬೇಕೆಂಬ ನಿಯಮ ನಮ್ಮ ಅನೇಕ ನಗರಗಳಲ್ಲಿದೆ. ರೇಬೀಸ್ ಲಸಿಕೆಯ ಪ್ರಮಾಣಪತ್ರವನ್ನು ತೋರಿಸಿ ಶುಲ್ಕ ಕಟ್ಟುವುದು ಇದರ ಸಾಮಾನ್ಯ ಕ್ರಮ. ಆದರೆ ಇದನ್ನು ಪಾಲಿಸುವವರು ವಿರಳ. "ಮೂಕಪ್ರಾಣಿಗೆ ಅನ್ನವಿಡಲು ಸರ್ಕಾರದ ಅಪ್ಪಣೆ ಬೇಕೆ? ದಯೆಗೂ ತೆರಿಗೆಯೆ?" ಎಂದು ಸಜ್ಜನರೂ ಕೇಳುವುದುಂಟು. ಈ ಪ್ರಶ್ನೆಯನ್ನು ತಳ್ಳಿಹಾಕದೆ ವಿಚಾರಿಸುವುದು ಯುಕ್ತ.

ವ್ಯಾಪಾರಿಯ ಅಢಾವೆ ಪತ್ರಿಕೆಯಲ್ಲಿ ಒಂದು ಬದಿಗೆ ಆಸ್ತಿ, ಇನ್ನೊಂದು ಬದಿಗೆ ಹೊಣೆ. ಹಣ ಕೊಟ್ಟು ತಂದ ನಾಯಿಮರಿಯನ್ನು ನಾವು ಸಹಜವಾಗಿಯೇ ಆಸ್ತಿಯ ಬದಿಗೆ ಬರೆದುಕೊಳ್ಳುತ್ತೇವೆ. ಚತುಷ್ಪದಗಳನ್ನು ಪರಿಗ್ರಹದೊಳಗೆ ಎಣಿಸುವ ಪದ್ಧತಿ ಶಾಸ್ತ್ರದಲ್ಲಿಯೂ ಉಂಟು. ಆದರೆ ಜೀವಂಧರನ ಕಥೆಯನ್ನು ನೆನೆಯೋಣ. ಸಾಯುತ್ತಿದ್ದ ನಾಯಿಯೊಂದರ ಕಿವಿಯಲ್ಲಿ ಅವನು ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ಆ ಜೀವ ಮುಂದೆ ಯಕ್ಷನಾಗಿ ಹುಟ್ಟುತ್ತದೆ. ತನ್ನದೇ ಕರ್ಮ, ತನ್ನದೇ ಗತಿಯುಳ್ಳ ಜೀವಕ್ಕೆ ಒಡೆಯನೆಂಬುವನು ಹೇಗೆ ಇರಬಲ್ಲ? ನಮ್ಮ ಪಾಲಿಗೆ ಬರುವುದು ಅದರ ಹೊಣೆ ಮಾತ್ರ.

ಈ ಹೊಣೆಯ ವಿವರ ನಮಗೆ ಹೊಸದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ೧೯೬೦ರ ಪ್ರಾಣಿಹಿಂಸಾ ನಿಷೇಧ ಕಾಯ್ದೆಯ ೧೧ನೆಯ ಕಲಮನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಆಶ್ಚರ್ಯವಾಗುತ್ತದೆ. ಸದಾ ಸರಪಳಿಯಲ್ಲಿಟ್ಟ ನಾಯಿಯನ್ನು ಅಡ್ಡಾಡಿಸದಿರುವುದು, ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದು, ಹಸಿವು ನೀರಡಿಕೆಗಳಿಂದ ನರಳುವಂತೆ ಅಕಾರಣವಾಗಿ ತೊರೆದುಬಿಡುವುದು, ಎಲ್ಲವೂ ಅಲ್ಲಿ ಅಪರಾಧಗಳೇ. ಆದರೆ ಮೊದಲ ಅಪರಾಧಕ್ಕೆ ಆ ಕಾಯ್ದೆ ಗೊತ್ತುಮಾಡಿದ ದಂಡ ೧೦ರಿಂದ ೫೦ ರೂಪಾಯಿ! ದಂಡದ ಭಯವಲ್ಲ, ವ್ರತದ ನಿಷ್ಠೆಯೇ ನಾಯಿಯನ್ನು ಕಾಯಬೇಕು.

ಹಾಗಾದರೆ ಪರವಾನಗಿ ಏತಕ್ಕೆ? ಮನೆ ಬದಲಿಸುವಾಗ, ವರ್ಗವಾದಾಗ, ನಾಯಿಗೆ ಮುಪ್ಪು ಅಥವಾ ರೋಗ ಬಂದಾಗ ಅದನ್ನು ದೂರದ ಬೀದಿಯಲ್ಲಿ ಬಿಟ್ಟುಬರುವವರಿದ್ದಾರೆ. ಬಿಟ್ಟವರು ಯಾರೆಂದು ಆ ಪ್ರಾಣಿ ಹೇಳಲಾರದು. ಅದರ ಪರವಾಗಿ ನುಡಿಯುವ ಏಕೈಕ ಸಾಕ್ಷಿ ದಾಖಲೆ. ಪರವಾನಗಿಯೆಂದರೆ ದಯೆಗೆ ಹಾಕಿದ ತೆರಿಗೆಯಲ್ಲ. ಸಾಕುವವನು ನಾಯಿಗೆ ಬರೆದುಕೊಟ್ಟ ಕರಾರುಪತ್ರ. ಸಾಲದ ಪತ್ರಕ್ಕೆ ಸಂಕೋಚವಿಲ್ಲದೆ ರುಜು ಹಾಕುವ ನಾವು ಇದಕ್ಕೇಕೆ ಹಿಂಜರಿಯಬೇಕು?

ಆಡಳಿತವೂ ಎಚ್ಚರದಿಂದಿರಬೇಕು. ೨೦೧೮ರಲ್ಲಿ ಬೆಂಗಳೂರಿನ ಪಾಲಿಕೆಯ ನಿಯಮಾವಳಿಯು ಫ್ಲ್ಯಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿಗಳೆಂಬ ಮಿತಿ ಹಾಕಿದಾಗ ಬಲವಾದ ವಿರೋಧ ಬಂದು ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಮಿತಿಗಿಂತ ಹೆಚ್ಚಾದ ನಾಯಿ ಎಲ್ಲಿಗೆ ಹೋಗಬೇಕು? ತೊರೆಯುವುದನ್ನು ತಡೆಯಬೇಕಾದ ನಿಯಮವೇ ತೊರೆಯಲು ಪ್ರೇರಿಸಬಾರದು. ಬ್ರಿಟನ್ನಿನಲ್ಲಿ ೩೭ ಪೆನ್ಸಿನ ನಾಯಿ ಪರವಾನಗಿಯನ್ನು ಬಹುಮಂದಿ ಪಡೆಯುತ್ತಲೇ ಇರಲಿಲ್ಲ. ೧೯೮೭ರಲ್ಲಿ ಅದು ರದ್ದಾಯಿತು. ಆದರೆ ೨೦೧೬ರಲ್ಲಿ ನಾಯಿಗೂ ಸಾಕುವವನಿಗೂ ನಂಟು ತೋರಿಸುವ ಮೈಕ್ರೋಚಿಪ್ಪು ಅಲ್ಲಿ ಕಡ್ಡಾಯವಾಯಿತು. ಶುಲ್ಕವಿಲ್ಲದೆ ನಡೆದೀತು, ಹೊಣೆಗಾರನ ಹೆಸರಿಲ್ಲದೆ ನಡೆಯದೆಂಬುದೇ ಇದರ ಪಾಠ.

ಮಿತಿಯ ವಿಷಯವನ್ನು ಸರ್ಕಾರ ಹೇಳುವ ಮೊದಲೇ ಶ್ರಾವಕನು ತಾನೇ ನಿರ್ಧರಿಸಿಕೊಳ್ಳಬೇಕು. ಅದೇ ಪರಿಗ್ರಹ ಪರಿಮಾಣ. ಮಕ್ಕಳು ಮರಿ ಬೇಕೆಂದು ಹಟ ಮಾಡಿದಾಗ, ಹತ್ತು ಹನ್ನೆರಡು ವರ್ಷಗಳ ಬಾಳಿಕೆಯ ಈ ಹೊಣೆಯನ್ನು ನಮ್ಮ ಮನೆ ಹೊರಬಲ್ಲುದೇ ಎಂದು ಹಿರಿಯರು ಮೊದಲು ಯೋಚಿಸಲಿ. ಬಸದಿಯ ಆವರಣದಲ್ಲಿ ನಾಯಿಗಳಿಗೆ ಅನ್ನವಿಡುವ ವಿಶ್ವಸ್ತ ಮಂಡಳಿಗಳು ಲಸಿಕೆಯ ಖರ್ಚನ್ನೂ ವಾರ್ಷಿಕ ಲೆಕ್ಕದಲ್ಲಿ ಸೇರಿಸಲಿ. ಹೊರಲಾರದ ಹೊಣೆಯನ್ನು ಒಲ್ಲೆನೆನ್ನುವುದು ನಿರ್ದಯೆಯಲ್ಲ. ಹೊತ್ತದ್ದನ್ನು ಬೀದಿಯಲ್ಲಿ ಇಳಿಸಿಬರುವುದು ಮಾತ್ರ ಹಿಂಸೆಯೇ ಸರಿ.