ಲೋಟ ತೊಳೆಯುವವರು ಯಾರು?



ಹತ್ತು ನಿಮಿಷದ ಕಾಫಿಗಾಗಿ, ಮೊಮ್ಮಕ್ಕಳ ಕಾಲಕ್ಕೂ ಮಣ್ಣಾಗದ ಲೋಟವನ್ನು ತಯಾರಿಸುವುದು ಸರಿಯೇ? ಸರಿಯಲ್ಲವಾದರೆ ತಪ್ಪು ಯಾರದು? ತಯಾರಿಸಿದವನದೇ, ಮಾರಿದವನದೇ, ಕುಡಿದು ಎಸೆದವನದೇ? ಹೊಸೂರಿನ ಕಾರ್ಖಾನೆಗಳ ನಡುವೆ ಬದುಕುವ ಅವಲಪಲ್ಲಿಯ ನಮಗೆ ಇದು ದೂರದ ಪ್ರಶ್ನೆಯಲ್ಲ.

ಮೊದಲು ಈ ಲೋಟ ಹೇಗಾಗುತ್ತದೆಂದು ನೋಡೋಣ. ಪೆಟ್ರೋಲಿಯಂನಿಂದ ಸ್ಟೈರೀನ್ ಎಂಬ ದ್ರವ ಸಿಗುತ್ತದೆ. ಅದರಿಂದ ರವೆಯಂಥ ಸಣ್ಣ ಕಾಳುಗಳನ್ನು ಮಾಡುತ್ತಾರೆ. ಕಾಳಿನೊಳಗೆ ಪೆಂಟೇನ್ ಎಂಬ ವಸ್ತುವಿರುತ್ತದೆ. ಹಬೆ ಕೊಟ್ಟಾಗ ಕಾಳು ಪುರಿಯಂತೆ ಉಬ್ಬುತ್ತದೆ. ಅಚ್ಚಿನಲ್ಲಿ ತುಂಬಿ ಮತ್ತೆ ಹಬೆ ಕೊಟ್ಟರೆ ಕಾಳುಗಳು ಒಂದಕ್ಕೊಂದು ಅಂಟಿ ಥರ್ಮೊಕೋಲ್ ಲೋಟವಾಗುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಬರೀ ಗಾಳಿ. ಅದಕ್ಕೇ ಕೈ ಸುಡುವುದಿಲ್ಲ, ಬೆಲೆಯೂ ಕಡಿಮೆ. ಅದಕ್ಕೇ ಗುಜರಿಯವನಿಗೂ ಬೇಡ: ಮೂಟೆ ತುಂಬಿದರೂ ತಕ್ಕಡಿ ಏಳುವುದಿಲ್ಲ.

ಸ್ಟೈರೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2018ರಲ್ಲಿ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಅದನ್ನು ಹೆಚ್ಚು ಉಸಿರಾಡುವವರು ಕುಡಿಯುವ ನಾವಲ್ಲ, ಅದರೊಡನೆ ದುಡಿಯುವ ಕಾರ್ಮಿಕರು.

ಕಾನೂನು ಸುಮ್ಮನೆ ಕೂತಿಲ್ಲ. ಗಡಿಯಾಚೆ ಕರ್ನಾಟಕ 2016ರಲ್ಲಿ ಥರ್ಮೊಕೋಲ್ ತಟ್ಟೆ ಲೋಟಗಳನ್ನು ನಿಷೇಧಿಸಿತು. ನಮ್ಮ ತಮಿಳುನಾಡು 2019ರ ಜನವರಿ 1ರಿಂದ ನಿಷೇಧಿಸಿತು; ಪ್ಲಾಸ್ಟಿಕ್ ಲೇಪನದ ಕಾಗದದ ಲೋಟವನ್ನೂ ಬಿಡಲಿಲ್ಲ. 2022ರ ಜುಲೈ 1ರಿಂದ ಥರ್ಮೊಕೋಲ್ ತಟ್ಟೆ ಲೋಟಗಳನ್ನು ದೇಶದಲ್ಲೆಲ್ಲೂ ತಯಾರಿಸುವಂತಿಲ್ಲ, ಮಾರುವಂತಿಲ್ಲ, ಬಳಸುವಂತಿಲ್ಲ. ಆದರೂ ಎಸೆಯುವ ಅಭ್ಯಾಸ ಹೋಗಿಲ್ಲ. ಒಂದು ಹೋದರೆ ಇನ್ನೊಂದು ಬಗೆಯ ಲೋಟ ಬರುತ್ತದೆ.

ತಯಾರಕ ಹೇಳುತ್ತಾನೆ: "ನಾನು ಮಾಡದಿದ್ದರೆ ಇನ್ನೊಬ್ಬ ಮಾಡುತ್ತಾನೆ." ನಾವು ಹೇಳುತ್ತೇವೆ: "ನನ್ನದೊಂದು ಲೋಟದಿಂದ ಏನಾಗುತ್ತದೆ?" ಎರಡೂ ಒಂದೇ ಮಾತು. ತಪ್ಪನ್ನು ಸಾವಿರ ಜನಕ್ಕೆ ಹಂಚಿದರೆ ಯಾರ ಪಾಲಿಗೂ ಏನೂ ಉಳಿಯದೆಂದು ಇಬ್ಬರೂ ನಂಬಿದ್ದೇವೆ. ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆ ಎದ್ದಾಗ ಬೆಂಗಳೂರಿನ ಕೊಳೆನೀರೆಂದು ದೂರುತ್ತೇವೆ. ಆ ದೂರು ನ್ಯಾಯವೇ. ಆದರೆ ಆ ನೊರೆಯೂ ಒಂದು ಮನೆಯದಲ್ಲ, ಲಕ್ಷಾಂತರ ಬಚ್ಚಲುಗಳದು.

ಸಂಬಳಕ್ಕೆ ದುಡಿಯುವವನು ಯಂತ್ರದಲ್ಲಿ ಏನು ತಯಾರಾಗಬೇಕೆಂದು ತೀರ್ಮಾನಿಸುವುದಿಲ್ಲ. ಅವನಿಗೆ "ಕೆಲಸ ಬಿಡು" ಎಂದು ಉಪದೇಶಿಸುವುದು ಸುಲಭ. ಅವನ ಮನೆಯ ಒಲೆ ಉರಿಸುವವರು ಯಾರು? ಲಾಭ ಪಡೆಯುವ ಮಾಲೀಕನ ಹೊಣೆ ದೊಡ್ಡದು. ಊಟಕ್ಕೆ ಲೋಟ ತರಿಸುವ ನಮ್ಮ ಹೊಣೆಯೂ ಚಿಕ್ಕದಲ್ಲ.

ಆದರೆ ಎಸೆಯುವ ಲೋಟದ ಪರವಾಗಿ ಒಂದು ನಿಜವಾದ ಮಾತಿದೆ. ಅದು ನಮ್ಮ ತಾಯಂದಿರ ಬೆನ್ನುನೋವನ್ನು ತಗ್ಗಿಸಿತು. ಹಬ್ಬದೂಟ ಮುಗಿದು ಎಲ್ಲರೂ ಹರಟುತ್ತಿದ್ದಾಗ ಕೊಳಾಯಿಯ ಬಳಿ ರಾಶಿ ಪಾತ್ರೆ ತಿಕ್ಕುತ್ತಿದ್ದವರು ಅವರೇ. "ಸ್ಟೀಲ್ ಲೋಟಕ್ಕೆ ಮರಳೋಣ" ಎಂದು ಗಂಡಸರು ಭಾಷಣ ಮಾಡಿ, ತೊಳೆಯುವುದನ್ನು ಮತ್ತೆ ಹೆಂಗಸರಿಗೇ ಬಿಟ್ಟರೆ ಅದು ಪರಿಸರಪ್ರೇಮವಲ್ಲ, ಅನ್ಯಾಯ.

ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸಿದರು. ವಸ್ತುಗಳನ್ನಷ್ಟೇ ಅಲ್ಲ, ಮನುಷ್ಯರನ್ನೂ ಹೀಗೇ ಕಡೆಗಣಿಸುತ್ತೇವೆಂದು ನೆನಪಿಸಿದರು. ಐದು ಸಾವಿರ ಮಂದಿ ಉಂಡ ಮೇಲೆ ಮಿಕ್ಕ ತುಂಡುಗಳನ್ನು ಬುಟ್ಟಿಗಳಲ್ಲಿ ಕೂಡಿಸಿದವರು ಪ್ರೇಷಿತರೇ ಅಲ್ಲವೇ?

ಆದ್ದರಿಂದ ಯುವಜನರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಹಬ್ಬದೂಟಕ್ಕೆ ಸ್ಟೀಲ್ ಲೋಟ ಬಾಡಿಗೆಗೆ ತರೋಣ. ತಮಿಳು, ತೆಲುಗು, ಕನ್ನಡ ಯಾವ ಮನೆಯವರೇ ಆಗಲಿ, ಮೊದಲು ಹುಡುಗರು ತೋಳು ಮಡಚಿ ಕೊಳಾಯಿಯ ಬಳಿ ನಿಲ್ಲೋಣ. ತೊಳೆಯಲು ನಾವಿದ್ದೇವೆ ಎಂದ ಮೇಲಷ್ಟೇ ಎಸೆಯುವ ಲೋಟ ಬೇಡ ಎನ್ನುವ ಹಕ್ಕು ನಮಗೆ ಬರುತ್ತದೆ.